ತೆರೆಯ ಮೇಲೆ ನಾವು, ತೆರೆಯ ಮುಂದೆ ಯಾರು?

ಮಲೆನಾಡನ್ನು ಸಿನಿಮಾ ಕ್ಯಾಮೆರಾ ಬಹುಕಾಲದಿಂದ ಪ್ರೀತಿಸುತ್ತ ಬಂದಿದೆ. ಜೋಗದ ನೀರು, ಆಗುಂಬೆಯ ಮಂಜು, ಕುದುರೆಮುಖದ ಹುಲ್ಲುಗಾವಲು ಇವುಗಳ ಎದುರು ಕುಣಿದ ನಾಯಕ-ನಾಯಕಿಯರಿಗೆ ಲೆಕ್ಕವಿಲ್ಲ. ಆದರೆ ಆ ಹಾಡಿನ ಚೌಕಟ್ಟಿಗೆ ಸೊಪ್ಪಿನಬೆಟ್ಟದಿಂದ ಹೊರೆ ಹೊತ್ತು ಇಳಿಯುವ ಹೆಂಗಸೊಬ್ಬಳು ಅಡ್ಡಬಂದರೆ, ಅವಳನ್ನು ಬದಿಗೆ ಸರಿಯುವಂತೆ ಕೇಳಲಾಗುತ್ತದೆ. ಬೆಟ್ಟ ಬೇಕು, ಬೆಟ್ಟದವರು ಬೇಡ!

ಈಚಿನ ವರ್ಷಗಳಲ್ಲಿ ಈ ಸ್ಥಿತಿ ಅಷ್ಟಿಷ್ಟು ಬದಲಾಗಿದೆ ಎಂಬುದನ್ನು ಸಂತೋಷದಿಂದಲೇ ಒಪ್ಪಬೇಕು. ಉತ್ತರ ಕನ್ನಡದ ನಟೇಶ್ ಹೆಗಡೆಯವರು ತಮ್ಮ ಊರಿನ ಪರಿಸರದಲ್ಲಿಯೇ, ತಮ್ಮ ತಂದೆಯವರನ್ನೇ ಮುಖ್ಯ ಪಾತ್ರದಲ್ಲಿ ನಿಲ್ಲಿಸಿ ‘ಪೆದ್ರೊ’ ಚಿತ್ರವನ್ನು ಮಾಡಿದರು. ಅದು 2021ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. 2022ರ ಬೆಂಗಳೂರು ಚಿತ್ರೋತ್ಸವದ ಪಟ್ಟಿಯಲ್ಲಿ ಮಾತ್ರ ಅದಕ್ಕೆ ಸ್ಥಾನ ದೊರೆಯಲಿಲ್ಲ. ಅವರ ‘ವಾಘಾಚಿಪಾಣಿ’ 2025ರಲ್ಲಿ ಬರ್ಲಿನ್ನಿಗೆ ಹೋಯಿತು. ಹೋಗಲಿ, ಹೋಗಬೇಕಾದ್ದೇ. ನಮ್ಮ ತಕರಾರು ನಿರ್ದೇಶಕರ ಮೇಲಲ್ಲ. ನಮ್ಮ ಮಳೆ, ನಮ್ಮ ಕೆಸರು, ನಮ್ಮ ಜಾತಿ-ಜಗಳಗಳನ್ನು ಬೂಸಾನಿನ ಪ್ರೇಕ್ಷಕ ಮೊದಲು ನೋಡುತ್ತಾನೆ. ಯಲ್ಲಾಪುರದ ಹಳ್ಳಿಯವನಿಗೆ ಅದರ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಸಿಕ್ಕರೆ ಪುಣ್ಯ. ಈ ವ್ಯವಸ್ಥೆ ಯಾರಿಗೂ ವಿಚಿತ್ರವೆನಿಸದಿರುವುದೇ ನಮ್ಮ ಆಕ್ಷೇಪ.

ಮಲೆನಾಡಿನ ಕಥೆಗಳಿಗಾಗಿ ಇಲ್ಲಿಯೇ ಒಂದು ಚಿತ್ರೋತ್ಸವ ಬೇಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ಮಾತು ಶುರುವಾದ ಗಳಿಗೆಯಲ್ಲೇ ರೆಸಾರ್ಟು, ಪ್ರವಾಸೋದ್ಯಮ, ಪ್ರಾಯೋಜಕರು ಎಂಬ ಪದಗಳೂ ಹಿಂದೆಯೇ ಬಂದು ಕೂರುತ್ತವೆ. ಗುಡ್ಡವನ್ನು ಸಮಮಾಡಿ ಕಟ್ಟಿದ ರೆಸಾರ್ಟಿನ ಸಭಾಂಗಣದಲ್ಲಿ, ಗುಡ್ಡ ಕುಸಿದು ಮನೆ ಕಳೆದುಕೊಂಡವರ ಕುರಿತ ಚಿತ್ರವನ್ನು ತೋರಿಸಿ ಚಪ್ಪಾಳೆ ಗಿಟ್ಟಿಸುವುದು ಯಾವ ಸೀಮೆಯ ಸಂಸ್ಕೃತಿ?

“ಹಳ್ಳಿಯವರಿಗೆ ಇಂತಹ ಚಿತ್ರಗಳು ಅರ್ಥವಾಗುವುದಿಲ್ಲ” ಎಂಬ ವಾದವನ್ನು ಇನ್ನೂ ಆಡುವವರಿದ್ದಾರೆ. ಅವರು ಸಾಗರ ತಾಲ್ಲೂಕಿನ ಹೆಗ್ಗೋಡಿಗೆ ಹೋಗಿ ಬರಲಿ. ಅಡಿಕೆ ತೋಟಗಳ ನಡುವಿನ ಆ ಊರಿನಲ್ಲಿ ಕೆ. ವಿ. ಸುಬ್ಬಣ್ಣನವರು ಮತ್ತು ಅವರ ಸಂಗಡಿಗರು 1973ರಲ್ಲಿಯೇ ನೀನಾಸಮ್ ಚಿತ್ರಸಮಾಜವನ್ನು ಕಟ್ಟಿದರು. ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತರಿಸಿದರು, ಕನ್ನಡದಲ್ಲಿ ವಿವರಿಸಿದರು, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹದ್ದೂರರಂಥ ಗುರುಗಳನ್ನು ಕರೆಸಿ ರಸಗ್ರಹಣ ಶಿಬಿರಗಳನ್ನು ನಡೆಸಿದರು. 1983ರಲ್ಲಿ ಆರಂಭವಾದ ‘ಜನಸ್ಪಂದನ’ ಯೋಜನೆ ನಾಟಕ, ಸಿನಿಮಾಗಳೆರಡನ್ನೂ ರಾಜ್ಯದ ಬೇರೆ ಬೇರೆ ಹಳ್ಳಿಗಳಿಗೆ ಹೊತ್ತೊಯ್ದಿತು. ನಲವತ್ತು ವರ್ಷಗಳ ಹಿಂದೆ ಭಾರವಾದ ಪ್ರೊಜೆಕ್ಟರು, ಫಿಲ್ಮಿನ ಡಬ್ಬಿಗಳನ್ನು ಹೊತ್ತು ಸಾಧ್ಯವಾದದ್ದು, ಇಡೀ ಚಿತ್ರ ಅಂಗಿಯ ಜೇಬಿನಲ್ಲಿ ಹಿಡಿಯುವ ಈ ಕಾಲದಲ್ಲಿ ಅಸಾಧ್ಯವೆಂದರೆ ನಂಬುವವರು ಯಾರು?

ಹಣದ ಪ್ರಶ್ನೆ ಇದೆ. ಅದಕ್ಕೂ ಉತ್ತರ ಕೊಟ್ಟವರಿದ್ದಾರೆ. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಒಡೆಸ್ಸಾ ಬಳಗದವರು ಜನರಿಂದ ಚಿಲ್ಲರೆ ಕಾಸು ಕೂಡಿಸಿ 1986ರಲ್ಲಿ ‘ಅಮ್ಮ ಅರಿಯಾನ್’ ಚಿತ್ರವನ್ನು ಮಾಡಿದರು, ಮತ್ತೆ ಜನರ ನಡುವೆಯೇ ತೋರಿಸಿದರು. ಉತ್ತರ ಪ್ರದೇಶದ ಗೋರಖಪುರದಲ್ಲಿ 2006ರಲ್ಲಿ ಆರಂಭವಾದ ‘ಪ್ರತಿರೋಧದ ಸಿನಿಮಾ’ ಉತ್ಸವವು ಕಂಪನಿಗಳ ಪ್ರಾಯೋಜಕತ್ವವನ್ನು ಮುಟ್ಟದೆ, ಪ್ರೇಕ್ಷಕರ ವಂತಿಗೆಯಿಂದ ನಡೆದು ಬೇರೆ ಊರುಗಳಿಗೂ ಹಬ್ಬಿತು. ಹಿಮಾಲಯದ ಧರ್ಮಶಾಲೆಯಲ್ಲಿ 2012ರಿಂದ ನಡೆಯುತ್ತಿರುವ ಸ್ವತಂತ್ರ ಚಿತ್ರಗಳ ಉತ್ಸವವೂ ಗಮನಾರ್ಹವೇ. ಗುಡ್ಡಗಾಡಿನ ಯುವ ನಿರ್ದೇಶಕರಿಗೆ ಅಲ್ಲಿ ಒತ್ತಾಸೆ ದೊರೆತಿದೆ. ಆದರೂ ನಮಗೆ ಗೋರಖಪುರವೇ ಹೆಚ್ಚು ಹತ್ತಿರವೆನಿಸುತ್ತದೆ. ಗಣಿ ಅಥವಾ ಅಣೆಕಟ್ಟಿನ ಗುತ್ತಿಗೆದಾರನ ಹೆಸರನ್ನು ವೇದಿಕೆಯ ಹಿಂದೆ ಬರೆದುಕೊಂಡು ಕಾಡಿನ ಕಥೆ ಹೇಳಲಾಗದು.

ಇಂತಹ ಚಿತ್ರಗಳಿಂದ ಆಗುವುದೇನು ಎಂದು ವಿದ್ಯಾರ್ಥಿ ಮಿತ್ರರು ಕೇಳಬಹುದು. ಕುದುರೆಮುಖವನ್ನು ನೆನೆಯಿರಿ. ಶೇಖರ್ ದತ್ತಾತ್ರಿಯವರು 2001ರಲ್ಲಿ ಅಲ್ಲಿನ ಗಣಿಗಾರಿಕೆಯ ಮೇಲೆ ಮಾಡಿದ ಕಿರುಚಿತ್ರದ ಅವಧಿ ಕೇವಲ 12 ನಿಮಿಷ. ಬಗೆದ ಬೆಟ್ಟ, ಮಳೆಗಾಲದಲ್ಲಿ ಭದ್ರೆಗೆ ಇಳಿಯುವ ಹೂಳು, ಇವನ್ನು ಕಂಡ ಮೇಲೆ ಎಲ್ಲವೂ ಸರಿಯಿದೆ ಎಂಬ ಮಾತು ನಿಲ್ಲುವಂತಿರಲಿಲ್ಲ. 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಚಿತ್ರವೊಂದೇ ಅದನ್ನು ಸಾಧಿಸಿತೆಂದು ಹೇಳಿದರೆ ವರ್ಷಗಟ್ಟಲೆ ದಾಖಲೆ ಹೊತ್ತು ಓಡಾಡಿದವರಿಗೆ ಅನ್ಯಾಯವಾದೀತು. ಆದರೆ ಆ ದಾಖಲೆಗಳಿಗೆ ಕಣ್ಣು ಕೊಟ್ಟದ್ದು ಆ ಚಿತ್ರ.

ನಮ್ಮ ಚಳವಳಿಯ ಒಳಗಿನ ಚಿತ್ರಗಳ ಮೇಲೂ ಒಂದು ಮಾತು ಹೇಳಬೇಕಿದೆ. ಅನೇಕ ಸಾಕ್ಷ್ಯಚಿತ್ರಗಳಲ್ಲಿ ಹಳ್ಳಿಯವನಿಗೆ ಇರುವುದು ಅಳುವ ಕೆಲಸ ಮಾತ್ರ. ವಿವರಿಸುವ ಕೆಲಸ ಪಟ್ಟಣದ ತಜ್ಞನದು. ಹೊಳೆ ಯಾವ ತಿಂಗಳಲ್ಲಿ ಎಲ್ಲಿ ಬತ್ತುತ್ತದೆ ಎಂಬುದನ್ನು ದಡದವನೇ ಹೇಳಬಲ್ಲ. ಅವನ ಮಾತಿನ ಮೇಲೆ ಇಂಗ್ಲಿಷ್ ನಿರೂಪಣೆ ಹೇರಿ, ಅವನ ತುಟಿ ಅಲುಗುವುದನ್ನಷ್ಟೇ ತೋರಿಸುವುದು ಅವಮಾನ. ಊರಿನಲ್ಲಿಯೇ, ಚಿತ್ರದಲ್ಲಿರುವವರ ಮುಂದೆಯೇ ಪ್ರದರ್ಶನವಾಗಬೇಕೆಂದು ನಾವು ಪಟ್ಟುಹಿಡಿಯುವುದಕ್ಕೆ ಇದೂ ಕಾರಣ. “ನಾನು ಹೀಗೆ ಹೇಳಲಿಲ್ಲ” ಎಂದು ಎದ್ದುನಿಂತು ಹೇಳುವವನು ಸಭೆಯಲ್ಲಿದ್ದರೆ ನಿರ್ದೇಶಕನ ಕತ್ತರಿಗೆ ಸ್ವಲ್ಪ ಭಯವಿರುತ್ತದೆ. ಆ ಭಯ ಒಳ್ಳೆಯದು.

ಕಾನೂನಿನ ತೊಡಕನ್ನು ಮರೆಯುವಂತಿಲ್ಲ. 1952ರ ಚಲನಚಿತ್ರ ಕಾಯ್ದೆಯಂತೆ ಪ್ರಮಾಣಪತ್ರವಿಲ್ಲದ ಚಿತ್ರದ ಸಾರ್ವಜನಿಕ ಪ್ರದರ್ಶನ ಸಲ್ಲದು; ಚಿತ್ರೋತ್ಸವಗಳು ಕೇಂದ್ರ ಸರಕಾರದಿಂದ ವಿನಾಯಿತಿ ಪಡೆಯಬೇಕು. ಮುಂಬಯಿಯ ಸರಕಾರಿ ಉತ್ಸವವು ಭಾರತೀಯ ಚಿತ್ರಗಳಿಗೆ ಸೆನ್ಸಾರ್ ಪತ್ರ ಕಡ್ಡಾಯವೆಂದಾಗ ಸಾಕ್ಷ್ಯಚಿತ್ರಕಾರರು ಒಟ್ಟಾಗಿ ಪ್ರತಿಭಟಿಸಿ, 2004ರ ಫೆಬ್ರವರಿಯಲ್ಲಿ ‘ವಿಕಲ್ಪ’ ಎಂಬ ತಮ್ಮದೇ ಉತ್ಸವ ನಡೆಸಿದರು. ಹಳ್ಳಿಯ ಸಂಘಟಕರು ಈ ವಿನಾಯಿತಿಯ ಅರ್ಜಿಯನ್ನು ಮೊದಲೇ ಹಾಕಿಕೊಳ್ಳುವುದು ಜಾಣತನ. ಕೊನೆಯ ಗಳಿಗೆಯಲ್ಲಿ ತೆರೆ ಮಡಚಿಸಲು ಬರುವವರಿಗೆ ನೆಪ ಒದಗಿಸಬಾರದು.

ಉತ್ಸವದ ಮೊದಲ ಪ್ರದರ್ಶನ ಎಲ್ಲಾಗಬೇಕೆಂಬುದಕ್ಕೂ ನಮ್ಮಲ್ಲಿ ಸಲಹೆಯಿದೆ. ಶರಾವತಿ ಮುಳುಗಡೆಯ ಅನುಭವದಿಂದ ನಾ. ಡಿಸೋಜರು ಬರೆದ ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿಯವರು 2002ರಲ್ಲಿ ‘ದ್ವೀಪ’ವಾಗಿ ತೆರೆಗೆ ತಂದರು, ಸ್ವರ್ಣಕಮಲವೂ ಬಂದಿತು. 1964ರ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಬೇರ್ಪಡಿಸಿದ ಆಚೆ ದಡದ ಹಳ್ಳಿಗಳು ಆರು ದಶಕ ಲಾಂಚಿಗೆ ಕಾದವು. ಸಂಜೆಯ ಲಾಂಚು ತಪ್ಪಿತೆಂದರೆ ಆಸ್ಪತ್ರೆಯೂ ತಪ್ಪಿದಂತೆ. 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯಿತು. ಇನ್ನು ಲಾಂಚಿನ ನೆಪವಿಲ್ಲ: ಒಂದು ಜೀಪು, ಒಂದು ಪ್ರೊಜೆಕ್ಟರು, ಒಂದು ಬಿಳಿಯ ಬಟ್ಟೆ ರಾತ್ರಿಯೂ ಸೇತುವೆ ದಾಟಬಹುದು. ಅಡಿಕೆ ಕೊಯ್ಲು ಮುಗಿದ ಮೇಲೆ, ಮೊದಲ ಮಳೆಗೆ ಮುನ್ನ, ಶಾಲೆಯ ಬಯಲಿನಲ್ಲಿ ಜಾಗ ಸಿಗುತ್ತದೆ.