ಅಂಗಡಿಯ ಮುಂದೆ ಕೇಳಬೇಕಾದ ಪ್ರಶ್ನೆ

2015ರ ಜೂನ್ 17, ಬುಧವಾರ. ಅಮೆರಿಕದ ದಕ್ಷಿಣ ಕೆರೊಲೈನಾ ರಾಜ್ಯದ ಚಾರ್ಲ್‌ಸ್ಟನ್ ನಗರದಲ್ಲಿರುವ ಇಮ್ಯಾನುಯೆಲ್ ಚರ್ಚಿನಲ್ಲಿ ಕೆಲವರು ಸಂಜೆಯ ಬೈಬಲ್ ಅಧ್ಯಯನಕ್ಕೆ ಸೇರಿದ್ದರು. ಕಪ್ಪು ಜನಾಂಗದವರ ಬಹು ಹಳೆಯ ಸಭೆಯದು. ಗುರುತು ಪರಿಚಯವಿಲ್ಲದ ಬಿಳಿಯ ತರುಣನೊಬ್ಬ ಒಳಗೆ ಬಂದಾಗ ಯಾರೂ ತಡೆಯಲಿಲ್ಲ, ಪಕ್ಕದಲ್ಲಿಯೇ ಕುಳ್ಳಿರಿಸಿಕೊಂಡರು. ಬಹಳ ಹೊತ್ತು ಅವರೊಡನೆ ಕುಳಿತಿದ್ದ ಅವನು ಕೊನೆಗೆ ಪಿಸ್ತೂಲು ತೆಗೆದು ಸಭಾಪಾಲಕ ಕ್ಲೆಮೆಂಟಾ ಪಿಂಕ್ನಿಯವರೂ ಸೇರಿದಂತೆ ಒಂಬತ್ತು ಮಂದಿಯನ್ನು ಕೊಂದನು.

ಆ ಪಿಸ್ತೂಲು ಕಳ್ಳಸಂತೆಯದಾಗಿರಲಿಲ್ಲ. ಎರಡು ತಿಂಗಳ ಹಿಂದೆ ಪರವಾನಗಿಯುಳ್ಳ ಅಂಗಡಿಗೆ ಹೋಗಿ, ಅರ್ಜಿ ತುಂಬಿ, ಸಹಿ ಹಾಕಿ ಕೊಂಡದ್ದು. ಕಾನೂನಿನಂತೆ ಎಫ್‌ಬಿಐ ಸಂಸ್ಥೆಯನ್ನು ವಿಚಾರಿಸಲಾಗಿತ್ತು. ಮಾದಕ ವಸ್ತು ಇಟ್ಟುಕೊಂಡಿದ್ದುದನ್ನು ಆ ತರುಣ ಪೊಲೀಸರ ಮುಂದೆ ಹಿಂದೆಯೇ ಒಪ್ಪಿಕೊಂಡಿದ್ದ. ಆ ಒಂದು ಕಾಗದ ಪರಿಶೀಲಕರ ಕೈಗೆ ಸಿಕ್ಕಿದ್ದರೆ ಮಾರಾಟ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ದಾಖಲೆಯಲ್ಲಿದ್ದ ತಪ್ಪಿನಿಂದಾಗಿ ವಿಚಾರಣೆ ಸಲ್ಲದ ಕಚೇರಿಗೆ ಹೋಯಿತು. ಮೂರು ಕೆಲಸದ ದಿನಗಳೊಳಗೆ ಉತ್ತರ ಬಾರದಿದ್ದರೆ ಅಂಗಡಿಯವನು ಆಯುಧವನ್ನು ಕೊಟ್ಟುಬಿಡಬಹುದೆಂಬುದು ಅಲ್ಲಿನ ನಿಯಮ. ಅವನು ಕೊಟ್ಟ. ಜುಲೈ ತಿಂಗಳಲ್ಲಿ ಎಫ್‌ಬಿಐ ನಿರ್ದೇಶಕ ಜೇಮ್ಸ್ ಕೋಮಿ ಈ ಲೋಪವನ್ನು ಬಹಿರಂಗವಾಗಿ ಒಪ್ಪಿಕೊಂಡರು.

ಎರಡು ವರ್ಷಗಳ ಬಳಿಕ, 2017ರ ನವೆಂಬರ್ 5ರ ಭಾನುವಾರ, ಟೆಕ್ಸಾಸ್ ರಾಜ್ಯದ ಸದರ್ಲೆಂಡ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಆರಾಧನೆಯ ವೇಳೆಗೆ ಗುಂಡಿನ ಮಳೆಯಾಯಿತು. ತಾಯಿಯ ಗರ್ಭದಲ್ಲಿದ್ದ ಕೂಸನ್ನೂ ಲೆಕ್ಕಕ್ಕೆ ಹಿಡಿದರೆ ಸತ್ತವರು 26. ಕೊಲೆಗಾರ ವಾಯುಪಡೆಯಲ್ಲಿದ್ದವನು, ಹೆಂಡತಿಯನ್ನೂ ಎಳೆಯ ಮಲಮಗನನ್ನೂ ಹೊಡೆದುದಕ್ಕಾಗಿ 2012ರಲ್ಲಿ ಸೇನಾ ನ್ಯಾಯಾಲಯದಿಂದ ಶಿಕ್ಷೆಗೊಳಗಾದವನು. ಅಂಥವನು ಕೋವಿ ಕೊಳ್ಳುವಂತಿಲ್ಲ. ಆದರೆ ವಾಯುಪಡೆ ಆ ತೀರ್ಪಿನ ವಿವರವನ್ನಾಗಲಿ ಅವನ ಬೆರಳಚ್ಚನ್ನಾಗಲಿ ಎಫ್‌ಬಿಐಗೆ ಕಳುಹಿಸಿರಲಿಲ್ಲ. ಅಂಗಡಿಯಲ್ಲಿ ವಿಚಾರಿಸಿದಾಗ ಯಾವ ಅಡ್ಡಿಯೂ ಕಾಣಲಿಲ್ಲ. 2021ರಲ್ಲಿ ಒಕ್ಕೂಟದ ನ್ಯಾಯಾಲಯವೊಂದು ಆ ದುರಂತದ ಹೊಣೆಯಲ್ಲಿ ಶೇಕಡಾ 60ರಷ್ಟನ್ನು ಸರಕಾರದ ಮೇಲೆಯೇ ಹೊರಿಸಿತು.

ಓದುಗರೇ, ಈ ಎರಡು ಚರ್ಚುಗಳ ಕಥೆಯನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವುಂಟು. ಇಂತಹ ಪ್ರತಿಯೊಂದು ರಕ್ತಪಾತದ ನಂತರವೂ ಅಮೆರಿಕದಲ್ಲಿ ಎರಡು ಕೂಗುಗಳೇಳುತ್ತವೆ. ಕೋವಿ ಕೊಳ್ಳುವವರೆಲ್ಲರ ಮೇಲೆ ಸರಕಾರ ಕಣ್ಣಿಡಬೇಕೆಂಬುದು ಒಂದು. ನನ್ನ ಖರೀದಿ ನನ್ನ ಖಾಸಗಿ ವಿಷಯ, ಸರಕಾರ ದೂರವಿರಲಿ ಎಂಬುದು ಇನ್ನೊಂದು. ಎರಡೂ ತಪ್ಪೆಂದೇ ನನ್ನ ವಾದ. ಮೇಲಿನ ಇಬ್ಬರೂ ಕೊಲೆಗಾರರ ವಿಷಯದಲ್ಲಿ ಸರಕಾರಕ್ಕೆ ಕಣ್ಣುಗಳ ಕೊರತೆಯಿರಲಿಲ್ಲ. ತಿಳಿಯಬೇಕಾದದ್ದು ಅದರ ಒಂದು ಕಚೇರಿಗೆ ತಿಳಿದೇ ಇತ್ತು. ಇನ್ನೊಂದು ಕಚೇರಿಗೆ ಅದು ತಲುಪಲಿಲ್ಲ.

ಅಲ್ಲಿನ ವ್ಯವಸ್ಥೆ ನಮ್ಮದಕ್ಕಿಂತ ಬೇರೆ. ನಮ್ಮಲ್ಲಿ 1959ರ ಆಯುಧ ಕಾಯಿದೆಯಂತೆ ಪರವಾನಗಿ ಮೊದಲು, ಕೋವಿ ಆಮೇಲೆ (ಕೊಡಗಿನವರಿಗಿರುವ ವಿನಾಯಿತಿ ಬೇರೆ ಮಾತು). ಅವರ ಸಂವಿಧಾನದಲ್ಲಿ ಆಯುಧ ಹೊಂದುವುದೇ ಒಂದು ಹಕ್ಕು. ಹಕ್ಕಿಗೂ ಸುರಕ್ಷತೆಗೂ ನಡುವೆ ಅವರು ಒಂದು ಒಪ್ಪಂದಕ್ಕೆ ಬಂದರು. ಕೋವಿಗಳ ಕೇಂದ್ರೀಯ ನೋಂದಣಿ ಪುಸ್ತಕವನ್ನು ಸರಕಾರ ಇಡಕೂಡದೆಂದು 1986ರ ಕಾನೂನು ಹೇಳಿತು. ಪರವಾನಗಿಯುಳ್ಳ ವ್ಯಾಪಾರಿ ಕೊಳ್ಳುವವನ ಹಿನ್ನೆಲೆಯನ್ನು ವಿಚಾರಿಸಲೇಬೇಕೆಂದು 1993ರ ಬ್ರೇಡಿ ಕಾನೂನು ಹೇಳಿತು. ಇಂದಿನ ತ್ವರಿತ ವಿಚಾರಣಾ ಪದ್ಧತಿ 1998ರ ನವೆಂಬರ್‌ನಲ್ಲಿ ಆರಂಭವಾಯಿತು. ಅನುಮತಿ ದೊರೆತ ಖರೀದಿದಾರನ ವಿವರವನ್ನು ಎಫ್‌ಬಿಐ 24 ಗಂಟೆಗಳೊಳಗೆ ಅಳಿಸಿಹಾಕಬೇಕು. ಅರ್ಜಿ ಅಂಗಡಿಯಲ್ಲೇ ಉಳಿಯುತ್ತದೆ. ಯಾವುದಾದರೊಂದು ಅಪರಾಧದಲ್ಲಿ ಆ ಕೋವಿ ಸಿಕ್ಕಿದಾಗ ಅದರ ಜಾಡು ಹಿಡಿದು ಅಧಿಕಾರಿಗಳು ಅಲ್ಲಿಗೆ ಬರುತ್ತಾರೆ.

ಇದರಲ್ಲಿರುವ ಮರ್ಯಾದೆಯನ್ನು ಗಮನಿಸಿರಿ. ಪ್ರಶ್ನೆಯನ್ನು ಮುಖಕ್ಕೆ ಮುಖ ಕೊಟ್ಟು ಕೇಳಲಾಗುತ್ತದೆ. ಏನನ್ನು ಕೇಳುತ್ತಿದ್ದಾರೆ, ಏಕೆ ಕೇಳುತ್ತಿದ್ದಾರೆಂದು ಕೊಳ್ಳುವವನಿಗೆ ಗೊತ್ತು. ನಿರಾಕರಿಸಿದರೆ ಮೇಲ್ಮನವಿಗೆ ದಾರಿಯುಂಟು. ಇಂತಹ ವಿಚಾರಣೆಯಿಂದ ಖಾಸಗಿತನಕ್ಕೆ ಧಕ್ಕೆಯಾಯಿತೆನ್ನುವವರ ಮಾತಿಗೆ ನಾನು ಕಿವಿಗೊಡಲಾರೆ. ಕೋವಿಯೊಂದು ಮನೆಗೆ ಬಂದಾಗ ಅದು ನೆರೆಮನೆಯವನ ವಿಷಯವೂ ಆಗಿಬಿಡುತ್ತದೆ. ಪ್ರಾರ್ಥನೆಗೆಂದು ಕಣ್ಣು ಮುಚ್ಚಿ ಕುಳಿತವರ ವಿಷಯವೂ ಆಗುತ್ತದೆ.

ಆದರೆ ಇತ್ತೀಚೆಗೆ ಬೇರೊಂದು ದಾರಿ ಹುಡುಕಲಾಗಿದೆ. ಕಾರ್ಡಿನ ಮೂಲಕ ಹಣ ಪಡೆಯುವ ಪ್ರತಿಯೊಂದು ಅಂಗಡಿಗೂ ಅದರ ವ್ಯಾಪಾರದ ಬಗೆಯನ್ನು ಸೂಚಿಸುವ ನಾಲ್ಕಂಕಿಯ ಸಂಖ್ಯೆಯೊಂದಿರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಕೋವಿ, ಮದ್ದುಗುಂಡಿನ ಅಂಗಡಿಗಳಿಗಾಗಿಯೇ 5723 ಎಂಬ ಸಂಖ್ಯೆಯನ್ನು ಗೊತ್ತುಪಡಿಸಿತು. ಬ್ಯಾಂಕುಗಳು ಅನುಮಾನಾಸ್ಪದ ಖರೀದಿಗಳನ್ನು ಗುರುತಿಸಿ ಸರಕಾರಕ್ಕೆ ತಿಳಿಸಲಿ ಎಂಬುದು ಉದ್ದೇಶ. ಗಲಾಟೆಯೆದ್ದು 2023ರ ಮಾರ್ಚ್‌ನಲ್ಲಿ ದೊಡ್ಡ ಕಾರ್ಡ್ ಕಂಪನಿಗಳು ಹಿಂದೆಗೆದವು. ಬಳಿಕ ಕ್ಯಾಲಿಫೋರ್ನಿಯಾ, ಕೊಲೊರಾಡೊ ರಾಜ್ಯಗಳು ಈ ಸಂಖ್ಯೆಯನ್ನು ಕಡ್ಡಾಯಗೊಳಿಸಿದವು. ಫ್ಲಾರಿಡಾ, ಟೆಕ್ಸಾಸ್ ನಿಷೇಧಿಸಿದವು.

ಆ ಸಂಖ್ಯೆಗೆ ತಿಳಿಯುವುದಾದರೂ ಏನು? ಅಂಗಡಿಯ ಬಗೆ, ತೆತ್ತ ಮೊತ್ತ, ಅಷ್ಟೇ. ಕೊಂಡದ್ದು ಬಂದೂಕೋ, ಬೇಟೆಯ ಅಂಗಿಯೋ, ಕೋವಿ ಇಡುವ ಕಬ್ಬಿಣದ ಪೆಟ್ಟಿಗೆಯೋ ಅದಕ್ಕೆ ಗೊತ್ತಿಲ್ಲ. ನಗದು ಕೊಟ್ಟವನು ಅದರ ಬಲೆಗೆ ಬೀಳುವುದೇ ಇಲ್ಲ. ಕೆಲವು ಹಂತಕರು ಕಾರ್ಡಿನ ಸಾಲದಿಂದಲೇ ಆಯುಧಗಳನ್ನು ಕೂಡಿಹಾಕಿದ್ದುಂಟು, ನಿಜ. ಆ ಕೆಲವರಿಗಾಗಿ ಕೋಟ್ಯಂತರ ನಿರಪರಾಧಿಗಳ ಲೆಕ್ಕವನ್ನು ಬ್ಯಾಂಕಿನ ಗುಮಾಸ್ತನ ಊಹೆಗೆ ಒಪ್ಪಿಸುವುದು ಯಾವ ನ್ಯಾಯ?

ಈ ಊಹೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂಬುದಕ್ಕೆ ಉದಾಹರಣೆಯೊಂದಿದೆ. 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನದ ಮೇಲೆ ದಾಳಿ ನಡೆಯಿತಷ್ಟೆ. ಆ ತನಿಖೆಯ ಸಂದರ್ಭದಲ್ಲಿ ಖಜಾನೆ ಇಲಾಖೆಯ ಆರ್ಥಿಕ ಅಪರಾಧ ವಿಭಾಗವು ಬ್ಯಾಂಕುಗಳಿಗೆ ಹಂಚಿದ ಕಾಗದಗಳ ಸಂಗತಿಯನ್ನು ಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿಯ ಅಧ್ಯಕ್ಷ ಜಿಮ್ ಜೋರ್ಡನ್ 2024ರ ಜನವರಿಯಲ್ಲಿ ಹೊರಗೆಡವಿದರು. ಜೋರ್ಡನ್ ಆಗ ವಿರೋಧ ಪಾಳಯದ ರಾಜಕಾರಣಿಯಾಗಿದ್ದರು. ಅವರ ಆವೇಶವನ್ನು ಬದಿಗಿಡೋಣ. ಅವರು ಉಲ್ಲೇಖಿಸಿದ ಕಾಗದಗಳಲ್ಲಿ ಕ್ರೀಡಾ ಸಾಮಗ್ರಿಯ ಪ್ರಸಿದ್ಧ ಅಂಗಡಿಗಳ ಹೆಸರುಗಳಿದ್ದವು. ಉಗ್ರ ವಿಚಾರಗಳುಳ್ಳ ಪುಸ್ತಕಗಳ ಖರೀದಿಯನ್ನು ಅಪಾಯದ ಲಕ್ಷಣವೆಂದು ಹೇಳುತ್ತ, ಅದರಲ್ಲಿ ಧಾರ್ಮಿಕ ಗ್ರಂಥಗಳನ್ನೂ ಸೇರಿಸಲಾಗಿತ್ತು. ಕೋವಿ ಅಂಗಡಿಯಿಂದ ಹೊರಟ ಕಣ್ಣು ಪುಸ್ತಕದ ಅಂಗಡಿಗೆ ಬರಲು ಬಹಳ ಕಾಲ ಬೇಕಾಗಲಿಲ್ಲ.

ದೂರದ ದೇಶದ ಸುದ್ದಿಯೆಂದು ಪುಟ ತಿರುವಬೇಡಿರಿ. 2021ರ ಅಕ್ಟೋಬರ್‌ನಲ್ಲಿ ನಮ್ಮ ವಿಧಾನಮಂಡಲದ ಸಮಿತಿಯೊಂದು ರಾಜ್ಯದ ಅಧಿಕೃತ, ಅನಧಿಕೃತ ಚರ್ಚುಗಳ ಸಮೀಕ್ಷೆಗೆ ಸೂಚಿಸಿತು. ಬೆಂಗಳೂರಿನ ಮಹಾಧರ್ಮಾಧ್ಯಕ್ಷ ಪೀಟರ್ ಮಚಾದೊ ಅದನ್ನು ಬಲವಾಗಿ ವಿರೋಧಿಸಿದರು. ನಮ್ಮ ಚರ್ಚುಗಳ ಬಾಗಿಲು ಯಾರಿಗೂ ಮುಚ್ಚಿಲ್ಲ. ಆದರೂ ಪಟ್ಟಿಯೊಂದು ಸಿದ್ಧವಾದ ಮೇಲೆ ಅದು ಯಾರ ಕೈಗೆ ಸೇರುವುದೆಂಬ ಭಯ ನಮಗಿತ್ತು. ನಮ್ಮ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕೆಂದಿತು. ಸರಕಾರ ಅದರೊಳಗೆ ಕೈಹಾಕಬೇಕಾದರೆ ಕಾನೂನಿನ ಆಧಾರವಿರಬೇಕು, ಯೋಗ್ಯ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕ ಮಿತಿಯಿರಬೇಕು ಎಂದಿತು. ಅಂಗಡಿಯ ವಿಚಾರಣೆ ಈ ಒರೆಗಲ್ಲಿನಲ್ಲಿ ಗೆಲ್ಲುತ್ತದೆ. ಕಾರ್ಡಿನ ಗುಪ್ತಚರಿಕೆ ಸೋಲುತ್ತದೆ.

ಹಾಗೆಂದು ಕೋವಿ ಪಕ್ಷದವರು ಹಿಗ್ಗಬೇಕಾಗಿಲ್ಲ. ಪರವಾನಗಿಯಿಲ್ಲದ ಖಾಸಗಿ ಮಾರಾಟಗಾರನು ಕೊಳ್ಳುವವನ ಹಿನ್ನೆಲೆಯನ್ನು ವಿಚಾರಿಸಬೇಕೆಂದು ಒಕ್ಕೂಟದ ಕಾನೂನು ಹೇಳುವುದಿಲ್ಲ. ಅದನ್ನು ತಿದ್ದಲು ಹೊರಟಾಗಲೆಲ್ಲ ಅಡ್ಡ ನಿಂತವರು ಅವರೇ. ಮೂರು ದಿನಗಳ ಗಡುವನ್ನು ಹತ್ತು ದಿನಗಳಿಗೆ ಏರಿಸುವ ಮಸೂದೆಗೆ ಪ್ರತಿನಿಧಿ ಸಭೆ 2019ರಲ್ಲಿಯೂ 2021ರಲ್ಲಿಯೂ ಒಪ್ಪಿಗೆಯಿತ್ತಿತು. ಸೆನೆಟ್‌ನಲ್ಲಿ ಅದು ಮುಂದೆ ಸಾಗಲಿಲ್ಲ. ಯಾರ ಖಾಸಗಿತನವನ್ನೂ ಕಲಕದ, ಕೆಲವು ದಿನಗಳ ತಾಳ್ಮೆಯನ್ನಷ್ಟೇ ಬೇಡುವ ತಿದ್ದುಪಡಿಯದು. ಕೊನೆಗೆ 2022ರಲ್ಲಿ ಬಂದ ಕಾನೂನು 21 ವರ್ಷ ತುಂಬದವರಿಗೆ ಮಾತ್ರ ಆ ಗಡುವನ್ನು ಹತ್ತು ಕೆಲಸದ ದಿನಗಳವರೆಗೆ ಹಿಗ್ಗಿಸಿತು. ಚಾರ್ಲ್‌ಸ್ಟನ್‌ನ ಹಂತಕನು ಪಿಸ್ತೂಲು ಕೊಂಡಾಗ ಅವನಿಗೆ 21 ತುಂಬಿತ್ತು.