ಹೇಳಲು ನಾಚುವ ನೋವು

ಮೊಣಕಾಲು ನೋವನ್ನು ನಾವು ಊರ ಕಟ್ಟೆಯ ಮೇಲೆ ಕುಳಿತು ಹೇಳಿಕೊಳ್ಳುತ್ತೇವೆ. ಹಲ್ಲುನೋವು ಬಂದರೆ ಮನೆಮಂದಿಗೆಲ್ಲ ತಿಳಿಯುತ್ತದೆ. ಆದರೆ ಗಂಡುಮಕ್ಕಳು ತಾಯಿಯ ಮುಂದಾಗಲಿ, ತಂದೆಯ ಮುಂದಾಗಲಿ, ಕೈಹಿಡಿದ ಹೆಂಡತಿಯ ಮುಂದಾಗಲಿ ಬಾಯಿಬಿಡದ ನೋವೊಂದುಂಟು. ಅದು ವೃಷಣಗಳ ನೋವು. ಕುಟುಂಬದ ಎಲ್ಲರೂ ಓದುವ ಪತ್ರಿಕೆಯಲ್ಲಿ ಇಂತಹ ವಿಷಯವೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಕುಟುಂಬದ ಎಲ್ಲರೂ ಓದಬೇಕೆಂಬ ಕಾರಣದಿಂದಲೇ ನಾವು ಈ ತಿಂಗಳು ಇದನ್ನು ಎತ್ತಿಕೊಂಡಿದ್ದೇವೆ.

ಗದಗ ತಾಲೂಕಿನ ಹೊಂಬಳದಂತಹ ಊರಿನ ಸಂಸಾರವನ್ನೇ ನೆನೆಯೋಣ. ನಿಶ್ಚಿತಾರ್ಥಕ್ಕೂ ಮದುವೆಗೂ ನಡುವೆ ತಿಂಗಳುಗಳು ಉರುಳುತ್ತವೆ. ವರನೂ ವಧುವೂ ಮೊಬೈಲಿನಲ್ಲಿ ತಾಸುಗಟ್ಟಲೆ ಮಾತನಾಡುತ್ತಾರೆ. ಮದುವೆಯಾದ ಮೇಲೂ ತುಂಬಿದ ಮನೆಯಲ್ಲಿ ನವದಂಪತಿಗಳಿಗೆ ಏಕಾಂತ ದೊರೆಯುವುದು ಅಪರೂಪ. ಆಷಾಢ ಬಂದರೆ ಸೊಸೆ ತವರಿಗೆ ಹೊರಡುತ್ತಾಳೆ. ಇಂತಹ ದಿನಗಳಲ್ಲಿ ತರುಣನೊಬ್ಬನಿಗೆ ಬಹಳ ಹೊತ್ತು ಕಾಮೋದ್ರೇಕವಾಗಿ, ಸ್ಖಲನವಾಗದೆ ಉಳಿದರೆ, ವೃಷಣಗಳಲ್ಲಿ ಭಾರವೆನಿಸುತ್ತದೆ, ಮಂದವಾದ ನೋವು ಕಾಣಿಸಿಕೊಳ್ಳುತ್ತದೆ. ಕೆಲವರಿಗೆ ಅದು ಕಿಬ್ಬೊಟ್ಟೆಯವರೆಗೂ ಹರಡುತ್ತದೆ. ಅವನು ಅದನ್ನು ಉಷ್ಣವೆಂದು ತಿಳಿದು ಮಜ್ಜಿಗೆ ಕುಡಿಯುತ್ತಾನೆ, ಇಲ್ಲವೆ ತನಗೇನೋ ಕೇಡು ಒದಗಿತೆಂದು ರಾತ್ರಿಯೆಲ್ಲ ನಿದ್ದೆಗೆಡುತ್ತಾನೆ.

ಇದರ ಕಾರಣ ಸರಳವಾದುದು. ಕಾಮೋದ್ರೇಕವಾದಾಗ ಜನನಾಂಗಗಳಿಗೆ ರಕ್ತ ಹೆಚ್ಚಾಗಿ ಹರಿದುಬರುತ್ತದೆ, ಹಿಂದಿರುಗುವ ರಕ್ತದ ವೇಗ ತಗ್ಗುತ್ತದೆ. ಆ ಹೊತ್ತಿನಲ್ಲಿ ವೃಷಣಗಳೂ ತುಸು ಉಬ್ಬುತ್ತವೆ. ಸ್ಖಲನವಾದರೆ ಈ ತುಂಬುವಿಕೆ ಬೇಗನೆ ಇಳಿಯುತ್ತದೆ, ಆಗದಿದ್ದರೆ ನಿಧಾನವಾಗಿ ಇಳಿಯುತ್ತದೆ. ನಿಂತ ರಕ್ತದ ಈ ಒತ್ತಡವೇ ನೋವಿನ ಮೂಲವೆಂದು ವೈದ್ಯರು ಭಾವಿಸುತ್ತಾರೆ. ವೃಷಣದ ಹಿಂಬದಿಗೆ ಅಂಟಿಕೊಂಡಿರುವ ಎಪಿಡಿಡಿಮಿಸ್ ಎಂಬ ಸುರುಳಿನಾಳದ ಹೆಸರಿನಿಂದ ಇದನ್ನು ‘ಎಪಿಡಿಡಿಮಲ್ ಹೈಪರ್‌ಟೆನ್ಷನ್’ ಎಂದು ಕರೆಯುವುದುಂಟು. ರಕ್ತದೊತ್ತಡದ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. ಲೋಕದ ತರುಣರಿಗೆಲ್ಲ ಗೊತ್ತಿದ್ದ ಈ ನೋವಿನ ಬಗೆಗೆ ವೈದ್ಯಗ್ರಂಥಗಳು ಬಹುಕಾಲ ಮೌನವಾಗಿದ್ದವು. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಪತ್ರಿಕೆಯೊಂದು 14 ವರ್ಷದ ಬಾಲಕನೊಬ್ಬನ ಪ್ರಕರಣವನ್ನು ಪ್ರಕಟಿಸಿ, ವೃಷಣದ ನೋವಿನ ಕಾರಣಗಳಲ್ಲಿ ಇದನ್ನೂ ನೆನಪಿಡಬೇಕೆಂದು ವೈದ್ಯರಿಗೆ ತಿಳಿಸಿತು.

ಈ ನೋವು ತಾನಾಗಿಯೇ ಇಳಿಯುತ್ತದೆ, ಕೆಲವು ನಿಮಿಷಗಳಲ್ಲಿ, ಹೆಚ್ಚೆಂದರೆ ಕೆಲವು ತಾಸುಗಳಲ್ಲಿ. ಮನಸ್ಸನ್ನು ಬೇರೆ ಕೆಲಸಕ್ಕೆ ಹೊರಳಿಸುವುದು, ತಣ್ಣೀರಿನ ಸ್ನಾನ, ಒದ್ದೆ ಬಟ್ಟೆಯ ತಂಪು, ತುಸು ಹೊತ್ತಿನ ನಡಿಗೆ ಇವು ಸಾಕಾಗುತ್ತವೆ. ಹಸ್ತಮೈಥುನದಿಂದಲೂ ಶಮನವಾಗುತ್ತದೆ, ಅದರಿಂದ ದೇಹಕ್ಕೆ ಹಾನಿಯಿಲ್ಲ. ಈ ನೋವಿನಿಂದ ಪುರುಷತ್ವ ಕುಂದುವುದಿಲ್ಲ, ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ, ವೀರ್ಯವು ‘ಒಳಗೇ ಕೊಳೆಯುವುದೂ’ ಇಲ್ಲ. ಹೊರಬರದ ವೀರ್ಯಾಣುಗಳನ್ನು ದೇಹ ತಾನೇ ಕರಗಿಸಿಕೊಳ್ಳುತ್ತದೆ, ಹೊಸವನ್ನು ಸತತವಾಗಿ ಹುಟ್ಟಿಸುತ್ತಿರುತ್ತದೆ.

ಹೀಗಿದ್ದರೂ ನಮ್ಮ ತರುಣರು ಅಂಜುವುದೇಕೆ? ನಲವತ್ತು ಹನಿ ರಕ್ತಕ್ಕೆ ಒಂದು ಹನಿ ವೀರ್ಯವೆಂಬ ಮಾತು ಕೇಳುತ್ತ ಬೆಳೆದವರಿಗೆ ಈ ಭಾಗದ ಸಣ್ಣ ನೋವೂ ದೊಡ್ಡ ಭೀತಿಯಾಗುತ್ತದೆ. ಇಂತಹ ಭೀತಿಯಿಂದ ಬಳಲುವವರನ್ನು ಕಂಡೇ ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲಿ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂಬ ಹೆಸರನ್ನಿತ್ತರು. ಈ ಅಂಜಿಕೆಯ ಮೇಲೆ ಬದುಕುವವರೂ ಇದ್ದಾರೆ. ‘ಗುಪ್ತರೋಗಕ್ಕೆ ಖಚಿತ ಪರಿಹಾರ’ ಎಂಬ ಗೋಡೆಬರಹಗಳು ಯಾವ ಊರಿನ ಬಸ್ ನಿಲ್ದಾಣದ ಬಳಿಯಾದರೂ ಕಣ್ಣಿಗೆ ಬಿದ್ದಾವು. ಲೈಂಗಿಕ ಶಕ್ತಿಯನ್ನು ಹೆಚ್ಚಿಸುವುದಾಗಿ ಹೇಳಿ ಔಷಧಿಯನ್ನು ಜಾಹೀರು ಮಾಡುವುದನ್ನು 1954ರ ಕೇಂದ್ರ ಕಾನೂನು ನಿಷೇಧಿಸಿದೆ. ಇಲ್ಲದ ರೋಗಕ್ಕೆ ಸಾಲ ಮಾಡಿ ಔಷಧಿ ಕೊಳ್ಳುವ ಮುನ್ನ ನಮ್ಮ ಹುಡುಗರು ಇದನ್ನು ತಿಳಿದಿರಬೇಕು.

ದಂಪತಿಗಳಿಗೆ ಹೇಳಬೇಕಾದ ಮಾತೊಂದಿದೆ. ನೋವು ನಿಜ. ಆದರೆ ಅದು ಹೆಂಡತಿಯ ಮೇಲಿನ ಹಕ್ಕುಪತ್ರವಲ್ಲ. ‘ನನಗೆ ನೋವಾಗುತ್ತದೆ, ನೀನು ಒಪ್ಪಲೇಬೇಕು’ ಎಂಬ ಒತ್ತಾಯಕ್ಕೆ ವೈದ್ಯಶಾಸ್ತ್ರದ ಆಧಾರವಿಲ್ಲ, ಏಕೆಂದರೆ ನೋವಿನ ಶಮನಕ್ಕೆ ಇನ್ನೊಬ್ಬರ ದೇಹ ಬೇಕಾಗಿಲ್ಲ. 2023ರಲ್ಲಿ ಪ್ರಕಟವಾದ, 2,600ಕ್ಕೂ ಹೆಚ್ಚು ಜನರನ್ನು ಪ್ರಶ್ನಿಸಿದ ವಿದೇಶದ ಸಮೀಕ್ಷೆಯೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡಸರು ಇಂತಹ ನೋವನ್ನು ಕಂಡಿದ್ದಾಗಿ ಹೇಳಿದರು. ಹೆಂಗಸರಲ್ಲಿಯೂ ಸುಮಾರು ಶೇಕಡಾ 40ರಷ್ಟು ಮಂದಿ ಅದನ್ನೇ ಹೇಳಿದರು. ತೀವ್ರವಾದ ನೋವು ಕೆಲವರಿಗೆ ಮಾತ್ರ. ಜೊತೆಗಾರನ ನೋವಿನ ಮಾತಿಗೆ ಅಂಜಿ, ತಮಗೆ ಮನಸ್ಸಿಲ್ಲದಿದ್ದರೂ ಮುಂದುವರಿದೆವೆಂದು ಹೇಳಿಕೊಂಡವರಲ್ಲಿ ಹೆಂಗಸರೇ ಹೆಚ್ಚು. ದಿನವಿಡೀ ದುಡಿದು ದಣಿದ ಹೆಣ್ಣುಮಗಳು ‘ಇಂದು ಬೇಡ’ ಎಂದರೆ, ಆ ಮಾತನ್ನು ಮನ್ನಿಸುವುದರಿಂದ ಗಂಡನಿಗೆ ಯಾವ ಕೇಡೂ ಆಗದು.

ಇಷ್ಟು ಓದಿ, ವೃಷಣದ ನೋವೆಲ್ಲ ನಿರಪಾಯವೆಂದು ಯಾರೂ ತಿಳಿಯಬಾರದು. ಇನ್ನೊಂದು ನೋವುಂಟು, ಅದರಲ್ಲಿ ತಾಸುಗಳ ಲೆಕ್ಕ. ವೃಷಣವು ತೂಗಿಕೊಂಡಿರುವ ನಾಳವು ಹಗ್ಗದಂತೆ ತಿರುಚಿಕೊಂಡರೆ ಅದಕ್ಕೆ ರಕ್ತ ನಿಂತುಹೋಗುತ್ತದೆ. ವೈದ್ಯರು ಇದನ್ನು ‘ಟಾರ್ಷನ್’ ಎನ್ನುತ್ತಾರೆ. ಹನ್ನೆರಡರಿಂದ ಹದಿನೆಂಟರ ವಯಸ್ಸಿನ ಹುಡುಗರಲ್ಲಿ ಇದು ಹೆಚ್ಚು. ಆಟದ ನಡುವೆ ಬರಬಹುದು, ನಿದ್ದೆಯಿಂದ ಎಬ್ಬಿಸಿಯೂ ಬರಬಹುದು. ನೋವು ಒಮ್ಮೆಲೇ ಏಳುತ್ತದೆ, ತೀವ್ರವಾಗಿರುತ್ತದೆ, ಬಹುತೇಕ ಒಂದೇ ಬದಿಗೆ ಇರುತ್ತದೆ. ವಾಕರಿಕೆ, ವಾಂತಿಯಾಗಬಹುದು. ಒಂದು ವೃಷಣ ಮೇಲಕ್ಕೆ ಸರಿದು ಊದಿಕೊಳ್ಳುತ್ತದೆ. ಆರು ತಾಸಿನೊಳಗೆ ಶಸ್ತ್ರಚಿಕಿತ್ಸೆಯಾದರೆ ವೃಷಣ ಬಹುತೇಕ ಉಳಿಯುತ್ತದೆ. ಹನ್ನೆರಡು ತಾಸು ಕಳೆದರೆ ಆಸೆ ಕಡಿಮೆ. ಒಂದು ದಿನ ದಾಟಿದರೆ ಅದನ್ನು ತೆಗೆದುಹಾಕಬೇಕಾಗುವುದೇ ಹೆಚ್ಚು.

ನಾಚಿಕೆಯ ಬೆಲೆ ತಿಳಿಯುವುದು ಇಲ್ಲಿಯೇ. ನಡುರಾತ್ರಿ ಎದ್ದ ಹುಡುಗ ‘ಅವ್ವಾ, ಹೊಟ್ಟಿ ನೋಯಾಕತ್ತೈತಿ’ ಎನ್ನುತ್ತಾನೆಯೇ ಹೊರತು ನೋವಿನ ನೆಲೆಯನ್ನು ಹೇಳುವುದಿಲ್ಲ. ತಾಯಿ ಓಮಿನ ನೀರು ಕುಡಿಸಿ ಮಲಗಿಸುತ್ತಾಳೆ. ಬೆಳಗಾಗುವಷ್ಟರಲ್ಲಿ ಆರು ತಾಸು ಕಳೆದಿರುತ್ತದೆ. ಹಳ್ಳಿಯಿಂದ ಗದಗಿಗೆ, ಬೇಕಾದರೆ ಅಲ್ಲಿಂದ ಹುಬ್ಬಳ್ಳಿಗೆ ಹೋಗುವ ಹೊತ್ತನ್ನೂ ಇದಕ್ಕೆ ಕೂಡಿಸಬೇಕು. ಆದುದರಿಂದ ಹೊಟ್ಟೆನೋವೆನ್ನುವ ಹುಡುಗನನ್ನು ‘ಕೆಳಗೇನಾದರೂ ನೋವಿದೆಯೇ?’ ಎಂದು ತಂದೆಯೋ ಕಾಕಾನೋ ಅಣ್ಣನೋ ತಪ್ಪದೆ ಕೇಳಬೇಕು. ಹೌದೆಂದರೆ ಎಣ್ಣೆ ತಿಕ್ಕುತ್ತ, ಲೇಪ ಹಚ್ಚುತ್ತ ಕಾಯಬಾರದು. 108ಕ್ಕೆ ಕರೆಮಾಡಿ, ಗದಗಿನ ಜಿಮ್ಸ್ ಆಸ್ಪತ್ರೆಗಾಗಲಿ ಶಸ್ತ್ರವೈದ್ಯರಿರುವ ಬೇರೆ ಆಸ್ಪತ್ರೆಗಾಗಲಿ ಆ ಕ್ಷಣವೇ ಹೊರಡಬೇಕು.

ಗುರುತು ಇಷ್ಟು ನೆನಪಿದ್ದರೆ ಸಾಕು. ಉದ್ರೇಕದ ಬೆನ್ನಿಗೆ ಬಂದು, ಮಂದವಾಗಿದ್ದು, ಕೆಲವು ತಾಸಿನಲ್ಲಿ ಇಳಿಯುವ ನೋವಿಗೆ ಅಂಜಬೇಕಾಗಿಲ್ಲ. ಕಾರಣವಿಲ್ಲದೆ ಒಮ್ಮೆಲೇ ಬಂದ, ತೀವ್ರವಾದ ನೋವಿಗೆ ಕಾಯಬಾರದು. ಉದ್ರೇಕದ ನಂತರವೇ ಬಂದಿದ್ದರೂ ಏರುತ್ತ ಹೋದರೆ, ಊತವೋ ವಾಂತಿಯೋ ಕಂಡರೆ, ಅದನ್ನೂ ತಡಮಾಡದೆ ತೋರಿಸಬೇಕು. ಜ್ವರ, ಉರಿಮೂತ್ರ ಇದ್ದರೆ ಸೋಂಕಿರಬಹುದು. ಮಂಗನಬಾವು ಬಂದ ಕೆಲವು ದಿನಗಳ ಬಳಿಕ ವೃಷಣ ಊದುವುದೂ ಉಂಟು. ನೋವೇ ಇಲ್ಲದ ಗಟ್ಟಿ ಗಂಟು ಕೈಗೆ ಹತ್ತಿದರಂತೂ ವೈದ್ಯರಿಗೆ ತೋರಿಸಲೇಬೇಕು.

ಮಗಳು ದೊಡ್ಡವಳಾದಾಗ ತಾಯಿ ಅವಳನ್ನು ಹತ್ತಿರ ಕೂರಿಸಿಕೊಂಡು ನಾಲ್ಕು ಮಾತು ಹೇಳುತ್ತಾಳೆ. ಮಗನಿಗೆ ಹೇಳುವವರು ಯಾರು? ಹರೆಯದವರಿಗಾಗಿ 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹಾ ಕ್ಲಿನಿಕ್’ಗಳು ನಡೆಯುತ್ತವೆ. ಆದರೆ ಅಲ್ಲಿಗೆ ಹೋಗುವ ಧೈರ್ಯ ಹುಡುಗನಿಗೆ ಮನೆಯಿಂದಲೇ ಬರಬೇಕು. ತಂದೆಯಾದವನು ಮಗನೊಡನೆ ಹೊಲಕ್ಕೆ ಹೋಗುವಾಗ, ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ, ‘ಅಲ್ಲಿ ನೋವಾದರೆ ಮುಚ್ಚಿಡಬೇಡ, ಎಷ್ಟು ಹೊತ್ತಿಗಾದರೂ ನನ್ನನ್ನು ಎಬ್ಬಿಸು’ ಎಂದು ಒಂದು ಮಾತು ಹೇಳಿಟ್ಟರೆ ಸಾಕು. ಈ ತಿಂಗಳು ಆ ಮಾತನ್ನು ಪ್ರತಿಯೊಂದು ಮನೆಯ ತಂದೆಯೂ ಆಡಲೆಂದು ನಾವು ಬಯಸುತ್ತೇವೆ.