ಎರೆಹೊಲದಲ್ಲಿ ಮೇಯುವವರು

ತೊಗರಿ ಬೇರಿನ ಗಂಟಿನಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ರೈತರಿಗೆ ಹೊಸದೇನಲ್ಲ. ಮಣ್ಣಿನ ಬ್ಯಾಕ್ಟೀರಿಯಾಗಳನ್ನೇ ಮೇಯುವ ಅಮೀಬಾಗಳ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಬ್ಯಾಕ್ಟೀರಿಯಾದ ಮೈಯಲ್ಲಿ ಸಾರಜನಕ ಜಾಸ್ತಿ. ತಿಂದ ಅಮೀಬಾ ತನಗೆ ಹೆಚ್ಚಾದದ್ದನ್ನು ಅಮೋನಿಯಂ ಆಗಿ ಹೊರಹಾಕುತ್ತದೆ, ಬೇರು ಹೀರಿಕೊಳ್ಳುತ್ತದೆ. ಪುಕ್ಕಟೆ ಗೊಬ್ಬರ! ಬೇಸಿಗೆಯಲ್ಲಿ ಎರೆ ಬಿರಿದಾಗ ಇವು ಗಟ್ಟಿ ಕೋಶ ಕಟ್ಟಿಕೊಂಡು ಒಳಗೆ ಮಲಗುತ್ತವೆ, ಮಿರಗದ ಮಳೆಗೆ ಏಳುತ್ತವೆ.

ಇದೇ ನೆಲದಲ್ಲಿ ಬೆಳೆಯುವ ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಆದರೆ 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಜೀವಿಗಳಿಗೆ ಒಂದು ಸಾಲೂ ಇಲ್ಲ. ಕಬ್ಬಿನ ರವದಿಗೆ ಬೆಂಕಿ ಇಟ್ಟರೆ ಬ್ಯಾಕ್ಟೀರಿಯಾದ ಮೇವೂ ಸುಟ್ಟಂತೆ, ಅದನ್ನು ತಿನ್ನುವ ಅಮೀಬಾಕ್ಕೂ ಉಪವಾಸ. ಮುಂಗಾರಿನಲ್ಲಿ ಕೃಷಿ ಇಲಾಖೆ ಮೂರೂ ತಾಲ್ಲೂಕುಗಳ ಒಂದೊಂದು ಹಿಡಿ ಮಣ್ಣನ್ನು ಸೂಕ್ಷ್ಮದರ್ಶಕದಲ್ಲಿ ರೈತರಿಗೆ ತೋರಿಸಲಿ.